ಜುಂಜಮ್ಮಕ್ಕನ ಕಂಬಳಿ

ನನಗೂ ನಮ್ಮ ಓರಗಿತ್ತಿ ಜುಂಜಮ್ಮಕ್ಕನಿಗೂ ಮಾತು ಬಿಟ್ಟು ಬಾಳ ವರ್ಷ ಆಗಿತ್ತು. ಬಿಟ್ಟಿದ್ದು ನಾನೇ. ಸುಮ್ಮನೆ ಬಿಟ್ಟಿರಲಿಲ್ಲ, ಕಾರಣ ಇತ್ತು. ಅದನ್ನ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ನೀವು ಈ ಯಶೋದಾನೇ ಜಗಳಗಂಟಿ ಅನ್ನಬಾರದು.

ಜುಂಜಮ್ಮಕ್ಕ ಅಂದ್ರೆ ನಮ್ಮೆಜಮಾನ್ರ ಅಣ್ಣ ಮುದ್ದಣ್ಣನ ಹೆಂಡ್ತಿ. ಬಾಗೂರು ಕಡೆ ನಮ್ಮ ಹಟ್ಟಿ. ಅಕ್ಕನ ಕೈಗೆ ಹಟ್ಟಿನಾಗೆ ದೊಡ್ಡ ಹೆಸರು. ಕುರಿ ಈಯೋವಾಗ ಮರಿ ಅಡ್ಡ ಸಿಕ್ಕಂಡ್ರೆ ಗಂಡಸರೆಲ್ಲ ದೂರ ನಿಂತು, "ಜುಂಜಮ್ಮನ್ನ ಕರೀರ್ಲೇ" ಅಂತಿದ್ರು. ಅವಳು ಕೈ ಹಾಕಿ ಮರಿನ ಹೊರಳಿಸಿ ತೆಗ್ದು, ಮೂಗಿಗೆ ಊದಿ, ಸೆರಗಿನಾಗೇ ಒರೆಸಿ ತಾಯಿ ಮುಂದೆ ಬಿಡ್ತಿದ್ಲು. ಬರೆ ಹಾಕೋದ್ರಾಗೂ ಅದೇ ಕೈ. ಕುರಿಗೆ ಕಾಲು ಊದ್ಲಿ, ಹೊಟ್ಟೆ ಉಬ್ಬರಿಸ್ಲಿ, ಕುಡುಗೋಲಿನ ತುದಿ ಕೆಂಡದಾಗೆ ಕಾಯಿಸಿ ಮೂರು ಗೀರು ಎಳೀತಿದ್ಲು. ಪಕ್ಕಪಕ್ಕ ಮೂರು, ನಡುವಿಂದು ಒಂಚೂರು ಉದ್ದ. ಗೀರು ನೋಡಿದ್ರೆ ಸಾಕು, ಇದು ಜುಂಜಮ್ಮನ ಬರೆ ಅಂತ ಯಾರಾದ್ರೂ ಹೇಳ್ತಿದ್ರು. ಕುರಿಗಷ್ಟೇ ಹಾಕಿದ್ರೆ ನಂದೇನೂ ತಕರಾರಿರಲಿಲ್ಲ. ಮಕ್ಕಳಿಗೂ ಹಾಕ್ತಿದ್ಲು.

ನನ್ನ ಮಗಳು ಲತಾ ಆಗಷ್ಟೇ ನಡೆಯಾಕೆ ಕಲ್ತಿದ್ಲು. ತುರುವನೂರಿನಾಗೆ ನಮ್ಮ ಸೋದರಮಾವ ತೀರಿಹೋದ ಅಂತ ಕೂಸನ್ನ ಅಕ್ಕನ ಹತ್ರ ಬಿಟ್ಟು ಹೋಗಿದ್ದೆ. ಮಾರನೇ ದಿನ ಬಂದು ನೋಡ್ತೀನಿ, ಕೂಸಿನ ಹೊಟ್ಟೆ ಮೇಲೆ ಮೂರು ಗೀರು! "ಹೊಟ್ಟೆ ಉಬ್ಬಿ ಕಣ್ಣು ಮೇಲೆ ಮಾಡಿತ್ತು ಕಣೇ. ಎಲ್ಲಿ ಸತ್ತುಹೋಗ್ತೈತೋ ಅಂತ ಹೆದ್ರಿ ಹಾಕ್ದೆ" ಅಂದ್ಲು. ಅವಳಿಗೆ ಮಕ್ಕಳಿಲ್ಲ, ಲತಾನ ನೆಲಕ್ಕೆ ಬಿಡದಂಗೆ ಎತ್ಕಂಡು ತಿರುಗ್ತಿದ್ಲು, ಎಲ್ಲಾ ನನಗೆ ಗೊತ್ತಿತ್ತು. ಆದ್ರೆ ಹೆತ್ತ ಕರುಳು ಕೇಳ್ಬೇಕಲ್ಲ. ಹಟ್ಟಿ ನಡುವೆ ನಿಂತು ಬಾಯಿಗೆ ಬಂದಂಗೆ ಬೈದೆ. "ಇನ್ನೊಂದ್ಸಲ ಮನುಷ್ಯರ ಮೈಗೆ ನೀನು ಬರೆ ಹಾಕಿದ್ದು ಗೊತ್ತಾಗ್ಲಿ, ನಾನೇ ನಿನ್ನ ಪೊಲೀಸ್ನೋರಿಗೆ ಒಪ್ಪಿಸ್ತೀನಿ. ಜೈಲಿನಾಗೆ ಕೊಳೀವಂತೆ!" ಅಂದೆ. ಆಶಾ ಕಾರ್ಯಕರ್ತೆನೂ ಪಕ್ಕದಾಗೆ ನಿಂತು, ಹೌದು, ಬರೆ ಹಾಕಿದ್ರೆ ಕೇಸಾಗ್ತೈತೆ ಅಂದ್ಲು. ಅವತ್ತಿಂದ ಅಕ್ಕ ಕುಡುಗೋಲು ಕಾಯಿಸಿದ್ದನ್ನ ಯಾರೂ ನೋಡಲಿಲ್ಲ. ನಾನು ಬೈದದ್ದು ತಪ್ಪು ಅಂತ ಇವತ್ತಿಗೂ ನನಗನ್ನಿಸಿಲ್ಲ.

ಆಮೇಲೆ ನಾವು ಹೊಸದುರ್ಗಕ್ಕೆ ಬಂದ್ವಿ. ನಮ್ಮೆಜಮಾನ್ರು ರಂಗೇಶ್ ಲಗೇಜ್ ಆಟೋ ಓಡಿಸ್ತಾರೆ, ನಂದು ಬಸ್ ಸ್ಟ್ಯಾಂಡ್ ಹತ್ರ ಮಂಡಕ್ಕಿ ಮಿರ್ಚಿ ಗಾಡಿ. ಲತಾ ಹೈಸ್ಕೂಲಿಗೆ ಹೋಗ್ತಾಳೆ.

ಹೋದ ವರ್ಷ ಒಂದಿನ ಎಣ್ಣೆ ಕಾಯಾಕಿಟ್ಟು ಮೆಣಸಿನಕಾಯಿ ಸೀಳ್ತಾ ಇದ್ದೆ. ತಲೆ ಎತ್ತಿ ನೋಡ್ತೀನಿ, ಜುಂಜಮ್ಮಕ್ಕ ನಿಂತಿದ್ಲು. ಎತ್ತರದ ಆಳು ಕುಗ್ಗಿಹೋಗಿದ್ಲು. ಪಕ್ಕದಾಗೆ ಮುದ್ದಣ್ಣ ಭಾವ ಟವೆಲ್ಲಿನಾಗೆ ಬಾಯಿ ಮುಚ್ಕಂಡು ನಿಂತಿದ್ರು.

"ಏನ್ ಭಾವ?" ಅಂದೆ.

"ಎದೆಯಾಗೆ ಗಂಟು ಕಣವ್ವ. ಕ್ಯಾನ್ಸರ್ ಅಂತೆ. ಚಿತ್ರದುರ್ಗದ ಆಸ್ಪತ್ರೆನಾಗೆ ಸೂಜಿ ಚುಚ್ಚಿ ಟೆಸ್ಟ್ ಮಾಡಿದ್ರು. ಚರ್ಮ ಒಡ್ದು ಹುಣ್ಣಾಗಿ ಹೊರಗೆ ಬಂದ್ಬಿಟ್ಟೈತೆ, ಇನ್ನು ಕೊಯ್ಯಾಕೆ ಬರಲ್ಲ ಅಂದ್ರು. ಗುಳಿಗೆ ಕೊಡ್ತೀವಿ, ಹುಣ್ಣು ತೊಳೆಸ್ಕಳಾಕೆ ಬರ್ತಿರ್ರಿ, ಆದಷ್ಟು ದಿನ ಚೆನ್ನಾಗಿ ನೋಡ್ಕಳ್ರಿ ಅಂದ್ರು. ಇವಳು ಬ್ಯಾಡ ಅಂದ್ರೂ ನಾನೇ ನಿನ್ನ ಹತ್ರ ಕರ್ಕಂಡು ಬಂದೆ." ಅಷ್ಟು ಹೇಳಿ ಭಾವ ಗಾಡಿ ಹಿಂದಕ್ಕೆ ಹೋಗಿ ನಿಂತ್ರು.

ಕೋಪ ಒಂದು ಕಡೆ ಇರ್ಲಿ, ಆದಷ್ಟು ದಿನ ಅಂದ್ರೆ ಏನರ್ಥ? ಅಕ್ಕನ ಮುಖ ನೋಡ್ದೆ. ಅವಳು ಕುದಿಯೋ ಎಣ್ಣೆನೇ ನೋಡ್ತಿದ್ಲು.

"ಇನ್ನೊಂದು ಕಡೆ ತೋರ್ಸಾಣ" ಅಂದೆ.

"ಡಾಕ್ಟ್ರೇ ಬ್ಯಾಡ ಅಂದ ಮೇಲೆ ಯಾತಕ್ಕೆ ಬಿಡು" ಅಂದ್ಲು.

"ಒಂದು ಸೀರೆ ತಗಳಾಕೆ ನಾಲ್ಕು ಅಂಗಡಿ ಹತ್ತಿ ಇಳೀತೀವಿ, ಜೀವಕ್ಕೆ ಮಾತ್ರ ಒಂದೇ ಅಂಗಡಿನಾ? ಸುಮ್ನೆ ಬಾ" ಅಂತ ಗದರ್ದೆ. ಮಾತು ಬಿಟ್ಟಿದ್ವಿ ಅನ್ನೋದು ಆಗ ನೆನಪಿಗೇ ಬರಲಿಲ್ಲ. ಅವತ್ತೇ ನಮ್ಮನೇನಾಗೆ ಉಳಿಸ್ಕಂಡೆ. ಭಾವ ಕುರಿ ನೋಡ್ಕಳಾಕೆ ಹಟ್ಟಿಗೆ ಹೋದ್ರು.

ದಾವಣಗೆರೆನಾಗೆ ಒಬ್ರು ಲೇಡಿ ಡಾಕ್ಟ್ರು ಅವ್ರೆ, ಚೈತ್ರಾ ಮೇಡಂ ಅಂತ, ಇಂಥದ್ದೇ ಆಪರೇಷನ್ ಮಾಡ್ತಾರೆ ಅಂತ ಯಾರೋ ಹೇಳಿದ್ರು. ನಾನೂ ಅಕ್ಕನೂ ಹೊರಟ್ವಿ. ಹೊಳಲ್ಕೆರೆ ಮೇಲೆ ಹೋಗೋ ಬಸ್ ಹತ್ತಿ ಕೂತ್ವಿ. ಕಂಡಕ್ಟ್ರು ಟಿಕೆಟ್ ಟಿಕೆಟ್ ಅಂತ ಹತ್ರ ಬಂದ್ರೆ ಅಕ್ಕ ಬೆಚ್ಚಿಬಿದ್ದು ನನ್ನ ತೋಳು ಹಿಡ್ಕಂಡ್ಲು. "ಕಂಡಕ್ಟ್ರು ಕಣಕ್ಕ, ಹುಲಿ ಅಲ್ಲ" ಅಂದೆ. ಅವನ ಖಾಕಿ ಅಂಗಿನೇ ನೋಡ್ತಿದ್ಲು. ರೋಗದ ಭಯ, ಹಿಂಗೆಲ್ಲ ಆಡಿಸ್ತೈತೆ ಅನ್ಕಂಡೆ.

ದುರ್ಗದಾಗೆ ಬಸ್ಸು ಬದಲಾಯಿಸಿ ಭರಮಸಾಗರದ ಹತ್ರ ಬಂದಾಗ ಅಕ್ಕ ಕೇಳಿದ್ಲು, "ಯಶೋದಾ, ಅಲ್ಲಿನೂ ರವಿಕೆ ಬಿಚ್ಚಬೇಕೇನೇ?"

"ಮತ್ತೆ ನೋಡ್ದೆ ಹೆಂಗೆ ಹೇಳ್ತಾರೆ?"

"ನೋಡ್ಲಿ ಬಿಡು. ನೀನು ಮಾತ್ರ ಒಳಗೆ ಬರಬ್ಯಾಡ, ಹೊರಗೇ ಕುಂತ್ಕ."

ನನಗೆ ಸಿಟ್ಟು ಬಂತು. ನೋಡ್ದಾ ಇವಳ ಬಿಗುಮಾನ, ಸಾಯೋ ಹೊತ್ತಿನಾಗೂ ನನ್ನ ಹೊರಗಿಡ್ತಾಳೆ ಅನ್ಕಂಡೆ. ಆಮೇಲೆ, ಸಾಯೋ ಹೊತ್ತು ಅಂತ ನಾನೇ ಅಂದ್ಕಂಡ್ನಲ್ಲ ಅಂತ ಅಳು ಬಂತು. ಕೆರೆ ದಾಟೋ ತನಕ ಕಿಟಕಿ ಕಡೆ ಮುಖ ತಿರುಗಿಸ್ಕಂಡಿದ್ದೆ, ಅಳೋದು ಅವಳಿಗೆ ಕಾಣಬಾರದು ಅಂತ.

ಆಸ್ಪತ್ರೆನಾಗೆ ನಮ್ಮಂಥೋರೇ ತುಂಬಿದ್ರು. ತಲೆಗೆ ಬಟ್ಟೆ ಸುತ್ತಿದೋರು, ಮೂಗಿಗೆ ಪೈಪ್ ಹಾಕಿದೋರು. ನೋಡ್ತಾ ನೋಡ್ತಾ ನನಗೇ ಎಲ್ಲೋ ಗಂಟಿದ್ದಂಗೆ ಅನ್ನಿಸಾಕೆ ಹತ್ತಿತು. ಹೆಸರು ಕೂಗಿದಾಗ ಅಕ್ಕ ಒಬ್ಬಳೇ ಎದ್ಲು. ನರ್ಸು ಬಿಡಲಿಲ್ಲ. "ಮನೆಯೋರು ಒಬ್ರು ಬರಲೇಬೇಕು" ಅಂತ ನನ್ನೂ ಒಳಗೆ ಕರೆದ್ಲು.

ಚೈತ್ರಾ ಮೇಡಂ ವಯಸ್ಸಿನಾಗೆ ನಮಗಿಂತ ಚಿಕ್ಕೋರು. ಹಳೇ ರಿಪೋರ್ಟ್ ಎಲ್ಲಾ ಓದಿ, "ಬೇರೆ ಕಡೆ ಹರಡಿದ್ದು ಸ್ಕ್ಯಾನ್ನಲ್ಲಿ ಕಾಣ್ತಿಲ್ಲ. ಈ ಹುಣ್ಣೇ ತೊಂದರೆ" ಅಂದ್ರು. ಅಕ್ಕನ್ನ ಮಂಚದ ಮೇಲೆ ಮಲಗಿಸಿದ್ರು. "ಹುಣ್ಣು ಹೆಂಗಾಯ್ತಮ್ಮ?"

"ತಾನೇ ಆತವ್ವ."

"ಮೊದಲಿನ ಡಾಕ್ಟ್ರಿಗೂ ಇದನ್ನೇ ಹೇಳಿದ್ರಾ?"

"ಹ್ಞೂಂ."

ಮೇಡಂ ಬ್ಯಾಂಡೇಜ್ ಬಿಚ್ಚುತ್ತಾ ನನ್ನ ಕಡೆ ನೋಡಿದ್ರು. "ಗಂಟು ಒಳಗಿಂದ ಚರ್ಮ ತಿನ್ಕೊಂಡು ಹೊರಗೆ ಬಂದಿದ್ರೆ ಅವರು ಹೇಳಿದ್ದೇ ಸರಿ. ನಾನೂ ಈಗ ಕೊಯ್ಯೋಕಾಗಲ್ಲ" ಅಂದ್ರು. ಅಲ್ಲಿಗೆ ಎರಡನೇ ಬಾಗಿಲೂ ಮುಚ್ಚಿತು.

"ಈ ಸೆರಗು ಸ್ವಲ್ಪ ಹಿಡ್ಕೊಳಮ್ಮ" ಅಂದ್ರು. ಹಿಡ್ಕಂಡೆ. ಹಿಡ್ಕಂಡಾಗ ನೋಡ್ದೆ.

ಮೊದಲು ದುರ್ಗಕ್ಕೆ ಹೋದಾಗ ಅಕ್ಕ ಯಾವುದೋ ಸೊಪ್ಪು ಅರೆದು ಮೆತ್ತಿದ್ಲಂತೆ, ಎಲ್ಲಾ ಕರ್ರಗೆ ಹೆಕ್ಕಳೆ ಕಟ್ಟಿತ್ತಂತೆ. ದಿನಾ ತೊಳೆದು ತೊಳೆದು ಈಗ ಚೊಕ್ಕ ಆಗಿತ್ತು. ನಡುವೆ ಉದ್ದಕ್ಕೆ ಕೆಂಪು ಹುಣ್ಣು. ಅದರ ಆ ಕಡೆ ಒಂದು, ಈ ಕಡೆ ಒಂದು, ಮಾಸಿದ ಗೀರು. ಪಕ್ಕಪಕ್ಕ ಮೂರು, ನಡುವಿಂದು ಒಂಚೂರು ಉದ್ದ. ನನ್ನ ಮಗಳಿಗೆ ದಿನಾ ಎಣ್ಣೆ ಹಚ್ಚಿದೋಳು ನಾನು, ಆ ಗೀರು ನನಗೆ ಗೊತ್ತಾಗಲ್ವಾ?

ಅಕ್ಕ ನನ್ನ ಮಣಿಕಟ್ಟು ಹಿಡ್ದಳು. ಮರಿ ಎಳೆಯೋ ಕೈ ಅದು, ಮೂಳೆ ನೋಯೋ ಹಂಗೆ ಹಿಡ್ದಳು. ಬ್ಯಾಡ ಅಂತ ತಲೆ ಅಲ್ಲಾಡಿಸಿದ್ಲು. ಕಣ್ಣಾಗೆ ಭಯ ಇತ್ತು. ಮೇಡಂ ಆಗಲೇ ಕೈ ತೊಳೆಯಾಕೆ ಹೊರಟಿದ್ರು.

"ಮೇಡಂ, ಅದು ಬರೆ" ಅಂದೆ.

"ಏನು?"

"ತಾನಾಗಿ ಆದ ಹುಣ್ಣಲ್ಲ ಮೇಡಂ. ಕುಡುಗೋಲು ಕಾಯಿಸಿ ಸುಟ್ಕಂಡವಳೆ. ಇವಳದೇ ಕೈ. ನನಗೆ ಗೊತ್ತು."

ಅಕ್ಕ ಕಣ್ಣು ಮುಚ್ಚಿದ್ಲು. ಮೇಡಂ ಬೈತಾರೆ ಅನ್ಕಂಡಿದ್ದೆ, ಬೈಲಿಲ್ಲ. ಕುರ್ಚಿ ಎಳ್ಕಂಡು ಪಕ್ಕದಾಗೆ ಕೂತು, "ಹೌದೇನಮ್ಮ? ಗಂಟು ಕಂಡ ಮೇಲೆ ಹಾಕ್ಕೊಂಡ್ರಾ?" ಅಂದ್ರು. ಅಕ್ಕ ಕಣ್ಣು ಬಿಡದೇನೇ, "ಕರಗ್ಲಿ ಅಂತ ಹಾಕ್ಕಂಡೆ, ಮಾಯಲಿಲ್ಲ" ಅಂದ್ಲು. ಅವಳ ಗಂಟಲಿಂದ ಅಷ್ಟು ಸಣ್ಣ ದನಿ ನಾನು ಕೇಳೇ ಇರಲಿಲ್ಲ.

ಮೇಡಂ ಮತ್ತೆ ಮುಟ್ಟಿ ನೋಡಿದ್ರು. ಚರ್ಮ ಆ ಕಡೆ ಎಳೆದು, ಈ ಕಡೆ ಎಳೆದು, ಕಣ್ಣು ಮುಚ್ಕಂಡು ಬೆರಳಾಗೇ ನೋಡಿದ್ರು. "ಗಂಟು ಒಳಗೆ ಅಲ್ಲಾಡ್ತಾ ಇದೆ, ಚರ್ಮಕ್ಕೆ ಅಂಟಿದಂಗಿಲ್ಲ. ಗಾಯದ ಚೂರು ತೆಗೆದು ಟೆಸ್ಟಿಗೆ ಕಳಿಸ್ತೀನಿ. ಬರೀ ಸುಟ್ಟ ಗಾಯ ಅಂತ ಬಂದ್ರೆ ಆಪರೇಷನ್ ಮಾಡಬಹುದು. ಕ್ಯಾನ್ಸರ್ ಅಂತ ಬಂದ್ರೆ ನಾನೂ ಅವರ ಮಾತೇ ಹೇಳಬೇಕಾಗುತ್ತೆ" ಅಂದ್ರು.

ಆ ರಿಪೋರ್ಟ್ ಬರೋ ತನಕ ನಾನು ಪಟ್ಟ ಪಾಡು ಆ ದೇವರಿಗೇ ಗೊತ್ತು. ಮಿರ್ಚಿ ಹೊತ್ತಿಸ್ತಿದ್ದೆ, ಚಿಲ್ಲರೆ ತಪ್ಪು ಕೊಡ್ತಿದ್ದೆ, ಫೋನ್ ಹೊಡ್ಕಂಡ್ರೆ ಸೌಟು ಬಿಟ್ಟು ಓಡ್ತಿದ್ದೆ. ಅಕ್ಕ ನಮ್ಮನೇನಾಗೇ ಇದ್ಲು. ಒಳಗಿನ ಕೋಣೆ ಬಿಟ್ಟು ಬರ್ತಿರಲಿಲ್ಲ. ಬೀದಿನಾಗೆ ಮೋಟಾರ್ ಬೈಕು ನಿಂತ್ರೆ ಸಾಕು, ಗೋಡೆಗೆ ಒರಗಿ ಕೂತ್ಬಿಡ್ತಿದ್ಲು. ಲತಾ ಹತ್ರ ಬಂದು ದೊಡ್ಡವ್ವ ಅಂದ್ರೆ ಮುಖ ನೋಡಿ ಮಾತಾಡ್ತಿರಲಿಲ್ಲ. ಭಾವನಿಗೆ ಫೋನಿನಾಗೆ, ಕಪ್ಪು ಕುರಿ ಗಬ್ಬ ಐತೆ, ಹುಷಾರು, ನಾನಿರಲ್ಲ ಅಂತಿದ್ಲು. "ಯಾಕೆ ಇರಲ್ಲ? ಬಿಡ್ತು ಅನ್ನು!" ಅಂತ ಬೈದೆ. ಒಳಗೊಳಗೇ ಇವಳಿಗೆ ಸಾವು ಕಾಣಿಸೈತೇನೋ ಅಂತ ಹೆದ್ರಿದೆ.

ರಿಪೋರ್ಟ್ ಬಂತು. ಗಾಯದಾಗೆ ಕ್ಯಾನ್ಸರ್ ಇರಲಿಲ್ಲ. "ಕರ್ಕೊಂಡು ಬನ್ನಿ, ಮಾಡೋಣ. ಆ ಕಡೆ ಎದೆ ಪೂರ್ತಿ ತೆಗೀಬೇಕಾಗುತ್ತೆ, ಆಮೇಲೆ ಇಂಜೆಕ್ಷನ್ನೂ ಇರುತ್ತೆ" ಅಂದ್ರು ಮೇಡಂ ಫೋನಿನಾಗೆ. ನಾನು ಗಾಡಿ ಪಕ್ಕದಾಗೇ ನೆಲಕ್ಕೆ ಕೂತು ಅತ್ತೆ. ಮನೆಗೆ ಓಡಿ ಅಕ್ಕನಿಗೆ ಹೇಳಿದ್ರೆ, "ಆತು ಬಿಡು, ಹೋಗಾಣ" ಅಂದ್ಲು ಅಷ್ಟೇ. ಒಂದು ನಗು ಬ್ಯಾಡವಾ?

ಹೊರಡೋ ದಿನ ನೋಡಿದ್ರೆ ಚೀಲ ಉಬ್ಬಿತ್ತು. ಭಾವ ಹಟ್ಟಿಯಿಂದ ತಂದಿದ್ದ ಕರೀ ಕಂಬಳಿ ಮಡಿಸಿ ತುರುಕಿದ್ಲು. "ಆಸ್ಪತ್ರೆನಾಗೆ ಹೊದಿಯಾಕೆ ಅವ್ರೇ ಕೊಡ್ತಾರೆ, ಈ ಭಾರ ಯಾತಕ್ಕಕ್ಕ?" ಅಂದ್ರೆ, "ಅಲ್ಲಿ ನೆಲ ಬಾಳ ತಣ್ಣಗಿರ್ತೈತಂತೆ" ಅಂದ್ಲು. ಮಂಚ ಇರ್ತೈತೆ ಕಣೇ ಅಂದ್ರೂ ಕೇಳಲಿಲ್ಲ. ಹಟಮಾರಿ, ಹಾಳಾಗಿ ಹೋಗ್ಲಿ ಅಂತ ನಾನೇ ಹೊತ್ಕಂಡೆ.

ಆಪರೇಷನ್ ದಿನ ಹಸಿರು ಗೌನು ಹಾಕಿ ಸ್ಟ್ರೆಚರ್ ಮೇಲೆ ಮಲಗಿಸಿದ್ರು. ಭಾವ ಗೋಡೆ ಕಡೆ ತಿರುಗಿ ನಿಂತ್ರು. ನಾನು ಪಕ್ಕದಾಗೆ ನಡ್ಕಂಡು ಹೋಗ್ತಿದ್ದೆ. ಥಿಯೇಟರ್ ಬಾಗಿಲ ಹತ್ರ ಅಕ್ಕ ಮತ್ತೆ ನನ್ನ ಮಣಿಕಟ್ಟು ಹಿಡ್ಕಂಡ್ಲು.

"ಯಶೋದಾ, ಒಳಗಿಂದ ಬಂದ ಮೇಲೆ ನೀನೇ ಕರ್ಕಂಡೋಗ್ತೀಯೋ, ಇಲ್ಲ ಅವ್ರೇ ಬರ್ತಾರೋ?"

"ಯಾರಕ್ಕ?"

"ಪೊಲೀಸ್ನೋರು."

ನನಗೆ ತಲೆಬುಡ ತಿಳೀಲಿಲ್ಲ.

"ನೀನೇ ಹೇಳಿದ್ಯಲ್ಲ, ಇನ್ನೊಂದ್ಸಲ ಬರೆ ಹಾಕಿದ್ರೆ ಜೈಲು ಅಂತ. ಹಾಕಿದ್ದು ನನಗೇ ಆದ್ರೂ ಬರೆ ಬರೆನೇ ಅಲ್ವಾ? ದುರ್ಗದಾಗೆ ಹೇಳಿದ್ರೆ ನಿನ್ನ ಕಿವಿಗೆ ಬೀಳ್ತಿತ್ತು. ಅದಕ್ಕೇ ಹೇಳಲಿಲ್ಲ. ಸತ್ರೂ ಹಟ್ಟಿನಾಗೇ ಸಾಯಾಣ ಅಂತಿದ್ದೆ. ಗಾಯ ಮಾಯೋ ತನಕ ಬಿಡ್ರಿ ಅಂತ ಒಂದು ಮಾತು ಕೇಳು, ಆಮೇಲೆ ನಾನೇ ಬರ್ತೀನಿ. ಕಂಬಳಿ ತಂದಿದ್ದೀನಿ."

"ಅಯ್ಯೋ ನಿನ್ನ ಮನೆ ಕಾಯ್ವಾಗ!" ಅಂತ ಕಿರುಚಿದೆ. "ಯಾರೂ ಬರಲ್ಲ ಕಣೇ! ನೀನು ಬದುಕಿ ಬಾ, ಅಷ್ಟೇ ಸಾಕು!" ಅಷ್ಟರಾಗೆ ಬಾಗಿಲು ಹಾಕ್ಕಂತು. ಅವಳಿಗೆ ಕೇಳಿಸ್ತೋ ಇಲ್ವೋ ಗೊತ್ತಾಗಲಿಲ್ಲ. ಮತ್ತಿನ ಔಷಧಿ ಕೊಟ್ಟ ಮೇಲೆ ಅದೇ ಭಯ ತಲೆನಾಗೆ ಇಟ್ಕಂಡು ಮಲಗ್ತಾಳಲ್ಲ, ಎಚ್ಚರ ಆಗದಿದ್ರೆ ಅದೇ ಅವಳ ಕೊನೇ ಯೋಚನೆ ಆಗ್ತೈತಲ್ಲ ಅಂತ ನನಗೆ ನಿಲ್ಲಾಕೂ ಆಗಲಿಲ್ಲ. ಚೀಲ ತೊಡೆ ಮೇಲಿಟ್ಕಂಡು ಬಾಗಿಲ ಎದುರಿಗೇ ನೆಲಕ್ಕೆ ಕೂತೆ. ನೀರೂ ಕುಡೀಲಿಲ್ಲ.

ಸಾಯಂಕಾಲ ವಾರ್ಡಿಗೆ ತಂದ್ರು. ಎದೆಗೆಲ್ಲ ಪಟ್ಟಿ, ಮುಖ ಬಿಳಿಚಿತ್ತು. ಕಣ್ಣು ಬಿಟ್ಟೋಳು ನನ್ನೂ ನೋಡಲಿಲ್ಲ, ಭಾವನ್ನೂ ನೋಡಲಿಲ್ಲ, ಬಾಗಿಲು ನೋಡಿದ್ಲು.

"ಯಾರೂ ಬಂದಿಲ್ಲಕ್ಕ. ಬರೋದೂ ಇಲ್ಲ" ಅಂದೆ.

ಇನ್ನೊಂದ್ಸಲ ಬಾಗಿಲು ನೋಡಿದ್ಲು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾದ್ರೆ ಕಂಬಳಿ ಹೊದಿಸೇ, ಚಳಿ ಆಗ್ತೈತೆ" ಅಂದ್ಲು.

ಚೀಲದಿಂದ ತೆಗ್ದು ಹೊದಿಸ್ದೆ.