ಹದಿನೇಳನೆಯ ಪ್ರಶ್ನೆ

ಕಳೆದ ವಾರ ಕೊಟ್ಟೂರಿನ ಮಾರುಕಟ್ಟೆಯಲ್ಲಿ ಹೂ ಕೊಳ್ಳಲು ನಿಂತಿದ್ದೆ. ಹೂ ಮಾರುವಾಕೆ ಬುಟ್ಟಿಯ ಅಡಿಯಿಂದ ಒದ್ದೆ ಬಾಳೆನಾರು ತೆಗೆದು ಉಗುರಿನಿಂದ ಸೀಳತೊಡಗಿದಳು. ಮಲ್ಲಿಗೆಯ ಕಂಪಿನ ಜೊತೆಗೇ ಆ ನಾರಿನ ಹಸಿ ವಾಸನೆ, ಸ್ವಲ್ಪ ಕೊಳೆತಂಥ ವಾಸನೆ, ಮೂಗಿಗೆ ಬಡಿಯಿತು. "ಎಷ್ಟು ಮೊಳ ಬೇಕ್ರಿ?" ಎಂದು ಆಕೆ ಎರಡು ಸಲ ಕೇಳಿದಳು. ಬೇಡವೆಂದು ಹೊರಟುಬಂದೆ. ಆ ವಾಸನೆಯಲ್ಲಿ ಕೂತು ಮಾತಾಡಿದ್ದ ಇನ್ನೊಬ್ಬಾಕೆ ನೆನಪಿನಲ್ಲಿ ಎದುರಿಗೆ ಬಂದು ನಿಂತಿದ್ದಳು.

ಎಂಟು ವರ್ಷದ ಹಿಂದಿನ ಮಾತು. ಹುಟ್ಟಿನಿಂದಲೇ ಹೃದಯದ ತೊಂದರೆ ಇರುವ ಮಕ್ಕಳ ಬಗ್ಗೆ ಒಂದು ಅಧ್ಯಯನ ನಡೆದಿತ್ತು. ಅಂಥ ಮಕ್ಕಳ ಮನೆಗಳಿಗೆ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಬರುವುದು ನನ್ನ ಕೆಲಸ. ಓದು ಮುಗಿಸಿ ಆಗಷ್ಟೇ ಸೇರಿದ್ದೆ. ಕುತ್ತಿಗೆಗೆ ಗುರುತಿನ ಚೀಟಿ, ಕೈಯಲ್ಲಿ ಫೈಲು. ಹಳ್ಳಿಯವರು ನನ್ನನ್ನು ಡಾಕ್ಟರೆಂದೇ ತಿಳಿಯುತ್ತಿದ್ದರು. ನಾನೂ ಅಲ್ಲವೆಂದು ಹೇಳಲು ಅವಸರ ಮಾಡುತ್ತಿರಲಿಲ್ಲ.

ಆಕೆಯ ಮನೆ ಹಡಗಲಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಹೆಚ್ಚುಕಡಿಮೆ ನನ್ನದೇ ವಯಸ್ಸು. ಕಟ್ಟೆಯ ಮೇಲೆ ಮಲ್ಲಿಗೆ ಮೊಗ್ಗು ಸುರುವಿಕೊಂಡು ಕಟ್ಟುತ್ತಿದ್ದಳು. ಮೂರು ವರ್ಷದ ಮಗಳು ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡುವಳು, ಕುಕ್ಕರಗಾಲಲ್ಲಿ ಕೂರುವಳು, ದಣಿವಾರಿಸಿಕೊಂಡು ಮತ್ತೆ ಏಳುವಳು. ನೇರಳೆಹಣ್ಣು ತಿಂದಂಥ ತುಟಿ. ಅಂಗನವಾಡಿಗೆ ಬಂದ ವೈದ್ಯರು ಎದೆಗೆ ಕಿವಿಗೊಟ್ಟು, ದೊಡ್ಡಾಸ್ಪತ್ರೆಗೆ ಕಳಿಸಿ, ಹೃದಯದಲ್ಲಿ ತೂತಿದೆ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದಾಗಿದೆ ಎಂದು ಪತ್ತೆ ಮಾಡಿದ್ದರು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿದರೆ ಉಳಿಯುವ ಮಗು. ದಿನ ಗೊತ್ತಾಗಬೇಕಿತ್ತು, ಅಷ್ಟೇ.

ಅತ್ತು ಅತ್ತು ಮಗು ಕಪ್ಪಿಟ್ಟರೆ ಮೊಣಕಾಲನ್ನು ಎದೆಗೆ ಒತ್ತಿ ಹಿಡಿಯಬೇಕೆಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅದನ್ನು ತೋರಿಸಲು ಹೋದರೆ ಆಕೆ ನಕ್ಕಳು. "ಹಂಗ ಮಡಚಿ ಹಿಡಿದ್ರ ಸುಮ್ಮಾಗ್ತಾಳ್ರಿ. ನಾನೇ ಕಂಡ್ಕೊಂಡೀನಿ." ಯಾರೂ ಹೇಳಿಕೊಡದೆ, ಮಗುವನ್ನು ನೋಡುತ್ತ ನೋಡುತ್ತಲೇ ಆಕೆ ಅದನ್ನು ಕಲಿತಿದ್ದಳು.

ಪ್ರಶ್ನೆಗಳು ಒಂದೊಂದಾಗಿ ಮುಗಿಯುತ್ತ ಬಂದವು. ಹದಿನೇಳನೆಯದು, ಗಂಡ ಹೆಂಡತಿ ಮದುವೆಗೆ ಮೊದಲೇ ಸಂಬಂಧಿಕರೇ ಎಂಬುದು.

"ಸೋದರಮಾವನ್ನ ಮಾಡ್ಕೊಂಡೀನ್ರಿ. ನಮ್ಮವ್ವನ ತಮ್ಮ" ಎಂದಳು. ಬಾಗಿಲ ಬಳಿ ಕೂತಿದ್ದ ಅತ್ತೆ ಆಕೆಯ ತಾಯಿಯ ತಾಯಿ. ಮೊಮ್ಮಗಳನ್ನೇ ಸೊಸೆ ಮಾಡಿಕೊಂಡ ಅಜ್ಜಿ. ಎತ್ತುಗಳನ್ನು ಕಟ್ಟಿ ಬಂದ ಗಂಡನೂ ಕಂಬಕ್ಕೆ ಒರಗಿ ನಿಂತಿದ್ದ.

"ಅದನ್ನ ಯಾಕ ಕೇಳ್ತೀಯವ್ವಾ?" ಎಂದಳು ಅಜ್ಜಿ.

ಉತ್ತರ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗಬೇಕಿತ್ತು. ವಿವರಿಸಬೇಡಿ ಎಂದು ನಮಗೆ ಹೇಳಿದ್ದರು ಕೂಡ. ಆದರೆ ಮೂರು ಜನ ನನ್ನ ಬಾಯನ್ನೇ ನೋಡುತ್ತಿದ್ದರು... ತಿಳಿದವಳೆನ್ನಿಸಿಕೊಳ್ಳುವ ಆಸೆ. "ಒಂದೇ ರಕ್ತದಲ್ಲಿ ಮದುವೆಯಾದರೆ ಮಕ್ಕಳಿಗೆ ಹೀಗಾಗೋದು ಜಾಸ್ತಿ ಅಜ್ಜಿ" ಎಂದುಬಿಟ್ಟೆ. ಆಕೆ ಕಟ್ಟುತ್ತಿದ್ದ ಹೂವನ್ನು ಕೆಳಗಿಟ್ಟು ಮಗಳ ಕಡೆ ನೋಡಿದಳು.

ಆರು ತಿಂಗಳ ಮೇಲೆ ಎರಡನೆಯ ಭೇಟಿ. ಅಜ್ಜಿಯೇ ಎದುರಾಗಿ ಕರೆದಳು. "ಬಾರವ್ವಾ ಬಾ. ನೀ ಹೇಳಿದ್ದು ಚೊಲೋ ಆತು. ಮಗಗ ಹೊರಗಿನ ಸಂಬಂಧ ತಂದೀವಿ."

ಒಳಗೆ ಹೊಸ ತಾಳಿಯ ಹುಡುಗಿಯೊಬ್ಬಳು ರೊಟ್ಟಿ ಬಡಿಯುತ್ತಿದ್ದಳು. ಹಳೆಯ ಸೊಸೆಯೂ ಮಗಳೂ ದನ ಕಟ್ಟುವ ಅಂಕಣಕ್ಕೆ ಬಂದಿದ್ದರು. ಗೋಡೆಯ ಬದಿಗೆ ಹಾಸಿದ ಒಂದು ಚಾಪೆ, ಗೂಟಕ್ಕೆ ಎರಡು ಸೀರೆ. ತವರಿಗೆ ಹೋಗಬಾರದಿತ್ತೇ ಎಂದು ಕೇಳಿದೆ. ಎಂಥ ಮೂರ್ಖ ಪ್ರಶ್ನೆ!

"ಯಾವ ತವರಿಗೆ ಹೋಗ್ಲಿರಿ? ನಮ್ಮವ್ವ ಈ ಮನಿ ಮಗಳು. ತಮ್ಮನ ಎರಡನೇ ಮದಿವಿಗೆ ಆಕೀನೇ ಮುಂದ ನಿಂತು ಅಕ್ಷತಿ ಹಾಕ್ಯಾಳ."

ಚಾಪೆಯ ಕೆಳಗಿಂದ ಆಕೆ ಒಂದು ಪತ್ರ ತೆಗೆದು ಕೊಟ್ಟಳು. ಆಪರೇಷನ್ನಿನ ದಿನ ಗೊತ್ತಾಗಿತ್ತು. ಸರ್ಕಾರದ ಯೋಜನೆ, ಖರ್ಚಿಲ್ಲ. ಗಂಡನನ್ನು ಕರೆದು ತಿಳಿಸಿ ಹೇಳಿದೆ. ಆತ ನನ್ನ ಮುಖ ನೋಡದೆ, "ಎದಿ ಸೀಳಿದ್ರ ರಕ್ತ ಬದಲಾಗ್ತೈತೇನ್ರಿ?" ಎಂದ. ಆಕೆಗೆ ಸೋದರಮಾವ, ಮಗುವಿಗೆ ಹೆತ್ತ ತಂದೆ, ಎರಡೂ ಆಗಿದ್ದವನು. ರಕ್ತ ಎಂಬ ಮಾತನ್ನು ಆ ಮನೆಯೊಳಗೆ ತಂದವಳು ನಾನು.

ಹೊರಡುವಾಗ ಆಕೆ ಬಸ್ ನಿಲ್ದಾಣದ ತನಕ ಬಂದಳು. ಮಗು ಸೊಂಟದ ಮೇಲಿತ್ತು. "ನೀವು ಜೋಡಿ ಬರ್ತೀರೇನ್ರಿ? ನಾ ದಾವಣಗೆರೆ ದಾಟಿದಾಕಿ ಅಲ್ಲ."

ಕೇಳಿ ಹೇಳುತ್ತೇನೆ ಎಂದೆ. ಮೇಲಿನವರನ್ನು ಕೇಳಿದೆ. ನಾವು ಮಾಹಿತಿ ತರುವವರು, ಮಕ್ಕಳನ್ನು ಕರೆದೊಯ್ಯುವವರಲ್ಲ ಎಂದರು. ಅವರ ಮಾತು ಹೋಗಲಿ, ಎರಡು ದಿನ ರಜೆ ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ಆ ತಿಂಗಳು ಹರಪನಹಳ್ಳಿ ಕಡೆಯ ಮನೆಗಳು ಬಾಕಿ ಇದ್ದವು ಎಂಬುದು ನನಗೆ ನಾನೇ ಕೊಟ್ಟುಕೊಂಡ ಕಾರಣ. ಯಾವ ಬಸ್ಸು, ಎಲ್ಲಿ ಇಳಿಯಬೇಕು, ಯಾವ ಕಿಟಕಿಯಲ್ಲಿ ಚೀಟಿ ಮಾಡಿಸಬೇಕು ಎಂದು ಫೋನಿನಲ್ಲಿ ಹೇಳಿದೆ. ಆಕೆ ಒಂದೊಂದನ್ನೂ ತಿರುಗಿ ಹೇಳಿ ಬಾಯಿಪಾಠ ಮಾಡಿಕೊಂಡಳು.

ಒಬ್ಬಳೇ ಹೋದಳು. ತಾಯಿಯ ಸಹಿಯೇ ಸಾಕೆಂದರಂತೆ. ಆದರೆ ಪ್ರಯಾಣದಲ್ಲಿ ಮಗುವಿಗೆ ಜ್ವರ, ಕೆಮ್ಮು. ಇಂಥ ಸ್ಥಿತಿಯಲ್ಲಿ ಎದೆ ತೆರೆಯಲಾಗದು, ವಾಸಿಯಾದ ಮೇಲೆ ಮೂರು ವಾರ ಬಿಟ್ಟು ಬನ್ನಿ ಎಂದು ಔಷಧ ಕೊಟ್ಟು ಕಳಿಸಿದರು. ಅವರು ಹೇಳಿದ್ದು ಸರಿಯೇ.

ಆ ಮೂರು ವಾರದ ನಡುವೆ ಆದದ್ದನ್ನು ಆಕೆಯೇ ನನಗೆ ಹೇಳಿದ್ದು. ಅಷ್ಟರಲ್ಲಿ ಹೊಸ ಸೊಸೆ ಬಸುರಿಯಾಗಿದ್ದಳು. ನೀಲಿ ತುಟಿಯ ಮಗು ಬಸುರಿಯ ಕಣ್ಣಿಗೆ ಬೀಳಬಾರದೆಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದಳು. ಬೆಳಗಿನ ಜಾವ ಮೊಗ್ಗು ಬಿಡಿಸಲು ಹೋಗುವಾಗ ಆಕೆ ಮಗಳನ್ನು ಎತ್ತಿಕೊಂಡೇ ಹೋಗುತ್ತಿದ್ದಳು. ಅಂದು ಚಳಿ ಹೆಚ್ಚಿತ್ತು. ಮತ್ತೆ ಕೆಮ್ಮು ಬಂದರೆ ಆಪರೇಷನ್ ಇನ್ನೂ ಮುಂದೆ ಹೋದೀತೆಂಬ ಭಯ. ಅಂಕಣದಲ್ಲೇ ಮಲಗಿಸಿ, ಅತ್ತರೆ ಹೇಗೆ ಮಡಚಿ ಹಿಡಿಯಬೇಕೆಂದು ಅಜ್ಜಿಗೆ ಮಾಡಿ ತೋರಿಸಿ ಹೋಗಿದ್ದಳು.

ಮಗು ಎದ್ದು ಅಪ್ಪನ ಬಳಿ ಹೋಗುತ್ತೇನೆಂದು ಅತ್ತಿತು. ಅದು ಒಳಮನೆಗೆ ನುಗ್ಗದಂತೆ ನಡುವಿನ ಬಾಗಿಲು ಹಾಕಿದರು. ಅದು ಬಾಗಿಲು ಬಡಿಯುತ್ತ ಅತ್ತಿತು... ಆಮೇಲೆ ಸುಮ್ಮನಾಯಿತು. ಸುಮ್ಮನಾಯಿತಲ್ಲ ಎಂದು ಎಲ್ಲರೂ ತಂತಮ್ಮ ಕೆಲಸಕ್ಕೆ ಹೋದರು.

"ಯಾರೂ ಮಡಚಿ ಹಿಡೀಲಿಲ್ರಿ" ಎಂದಳು. ಇಷ್ಟೇ. ಅಳಲಿಲ್ಲ.

ಇದನ್ನೆಲ್ಲ ಆಕೆ ಹೇಳಿದ್ದು ಮೂರನೆಯ ಭೇಟಿಯಲ್ಲಿ. ಮಗು ಬದುಕಿದೆಯೇ ಇಲ್ಲವೇ ಎಂದು ಗುರುತು ಹಾಕಿಕೊಳ್ಳುವುದಕ್ಕಾಗಿಯೇ ಇದ್ದ ಭೇಟಿ ಅದು. ಆಕೆಯ ಮಡಿಲಲ್ಲಿ ಸವತಿಯ ಕೂಸಿತ್ತು. ನಾಲ್ಕು ತಿಂಗಳ ಹೆಣ್ಣುಮಗು. ಹೆತ್ತವಳಿಗೆ ಮೈ ನೆಟ್ಟಗಿರಲಿಲ್ಲವಾಗಿ ಎರೆಯುವುದು, ತೂಗುವುದು ಎಲ್ಲ ಈಕೆಯದೇ. ಕೂಸಿನ ಮುಖವನ್ನು ಬೆಳಕಿಗೆ ತಿರುಗಿಸಿ ಹಿಡಿದಳು.

"ನೋಡ್ರಿ, ತುಟಿ ಎಷ್ಟು ಕೆಂಪಗ ಅದಾವ. ನೀವು ಹೇಳಿದ್ದು ಖರೇ ಆತು."

ಹಾಗಲ್ಲ ಅಕ್ಕಾ ಎಂದೆ. ಸೋದರಮಾವನನ್ನು ಮದುವೆಯಾದ ಎಷ್ಟೋ ಮಂದಿಗೆ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತವೆ, ಸಂಬಂಧವೇ ಇಲ್ಲದವರಿಗೂ ಇಂಥ ಮಕ್ಕಳು ಹುಟ್ಟುತ್ತವೆ, ಒಂದು ಕೂಸನ್ನು ನೋಡಿ ಏನೂ ಹೇಳಲಾಗದು ಎಂದೆ. ನಿಮಗೇ ಇನ್ನೊಂದು ಹುಟ್ಟಿದ್ದರೆ ಅದೂ ಚೆನ್ನಾಗಿಯೇ ಇರಬಹುದಿತ್ತು, ನಿಮ್ಮದು ಏನೂ ತಪ್ಪಿಲ್ಲ ಎಂದು ಉಸಿರು ಬಿಡದೆ ಹೇಳಿದೆ. ಎಲ್ಲವೂ ನನಗೆ ಮೊದಲೇ ಗೊತ್ತಿದ್ದ ಮಾತುಗಳು.

ಆಕೆ ಕೊನೆಯವರೆಗೂ ಕೇಳಿದಳು. ಕೂಸಿನ ಬಾಯಿಂದ ಇಳಿದ ಜೊಲ್ಲನ್ನು ಸೆರಗಿನಿಂದ ಒರೆಸಿದಳು.

"ಇದನ್ನ ಅವತ್ತ ಹೇಳಬೇಕಿತ್ರಿ" ಎಂದಳು. ಸಿಟ್ಟಿರಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು, "ಚಾ ಕುಡೀತೀರೇನ್ರಿ?" ಎಂದು ಕೇಳಿದಳು.

ಆ ಚಹಾ ಕುಡಿದೆನೋ ಇಲ್ಲವೋ ನೆನಪಾಗುತ್ತಿಲ್ಲ. ಅಧ್ಯಯನ ಮುಗಿಯಿತು. ಈಗ ಹಗರಿಬೊಮ್ಮನಹಳ್ಳಿಯಲ್ಲಿ ಹೊಸ ಹುಡುಗಿಯರಿಗೆ ಇದೇ ಕೆಲಸ ಕಲಿಸುತ್ತೇನೆ. ಆ ಪ್ರಶ್ನೆ ಬಂದಾಗ ತಾಯಿ ಒಬ್ಬಳೇ ಇರಬೇಕು ಎಂದಷ್ಟೇ ಹೇಳುತ್ತೇನೆ. ಯಾಕೆಂದು ಅವರು ಕೇಳಿದರೆ ಮಾತು ಬದಲಿಸುತ್ತೇನೆ.

ಮಾರುಕಟ್ಟೆಯಿಂದ ಬಂದ ಮರುದಿನ ಬಸ್ಸು ಹತ್ತಿ ಆ ಊರಿಗೆ ಹೋದೆ. ಅಜ್ಜಿ ತೀರಿಹೋಗಿದ್ದಳು. ಸವತಿ ಗುರುತು ಹಿಡಿದು ಕೂರಿಸಿದಳು.

"ಅಕ್ಕ ಇಲ್ರಿ. ಹೂವಿನ ಹೊಲಕ್ಕ ಹೋದಾಕಿ ತಿರುಗಿ ಬರ್ಲಿಲ್ಲ. ಮೂರು ವರ್ಷ ಆತು."

"ಹುಡುಕಲಿಲ್ವಾ?"

"ಎಲ್ಲಂತ ಹುಡುಕ್ತೀರಿ? ಇದ್ದದ್ದೊಂದು ಮನಿ. ಅದನ್ನ ಬಿಟ್ಟು ಹೋಗ್ಯಾಳ."

ಅಂಗಳಕ್ಕಿಳಿದು ಚಪ್ಪಲಿ ಮೆಟ್ಟುವಾಗ ಆರು ವರ್ಷದ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಓಡಿಬಂದು ನನ್ನ ಮುಂದೆ ನಿಂತಳು. ಓಡಿ ಬಂದ ರಭಸಕ್ಕೆ ಮುಖವೆಲ್ಲ ಕೆಂಪಾಗಿತ್ತು.

"ನಮ್ಮ ದೊಡ್ಡವ್ವ ಎಲ್ಲಿ ಅದಾಳ? ನಿಮಗ ಗೊತ್ತೈತೇನ್ರಿ?"

ಗೊತ್ತಿಲ್ಲವ್ವಾ ಎಂದೆ. ಹುಡುಗಿ ಇನ್ನೂ ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು.