ಕುದಿಸಿ ಊದಿದ ನಳಿಕೆ

ಗಂಟಲಿನ ಒಳದಾರಿ ಕಿರಿದಾಗಿ ಅಮ್ಮನ ಉಸಿರಿಗೇ ಕುತ್ತು ಬಂದಾಗ ಮಣಿಪಾಲದಲ್ಲಿ ಕುತ್ತಿಗೆಗೆ ತೂತು ಮಾಡಿ ಲೋಹದ ನಳಿಕೆ ಇಟ್ಟರು. ಒಂದರೊಳಗೆ ಒಂದು ಕೂರುವ ಎರಡು ನಳಿಕೆಗಳು. ಹೊರಗಿನದು ಅಲ್ಲೇ ಇರಬೇಕು. ಒಳಗಿನದನ್ನು ದಿನವೂ ತೆಗೆದು, ಬ್ರಷ್ ಹಾಕಿ ತೊಳೆದು, ಕುದಿಸಿ, ಮತ್ತೆ ಹಾಕಬೇಕು. ಕಾಪುವಿನ ಮನೆಯಲ್ಲಿ ಆ ಕೆಲಸ ಅಮ್ಮನ ತಂಗಿಯದು. ಮೀನು ಮಾರಿ ಬದುಕಿದ ಚಿಕ್ಕಮ್ಮನಿಗೆ ಲೋಳೆ, ವಾಸನೆ ಯಾವುದೂ ಲೆಕ್ಕಕ್ಕಿಲ್ಲ. ನನಗೋ, ಹಳದಿ ಕಫ ಮೆತ್ತಿದ ಆ ಬಾಗಿದ ಲೋಹ ಹೊರಬರುವುದನ್ನು ನೋಡಲಾಗುತ್ತಿರಲಿಲ್ಲ. ಕಾರ್ಕಳದಿಂದ ಭಾನುವಾರ ಬಂದವಳು ಆ ಹೊತ್ತಿಗೆ ಬಾವಿಯ ಕಡೆ ನಡೆದುಬಿಡುತ್ತಿದ್ದೆ.

ಅಮ್ಮನ ಎದೆಯ ಸೋಂಕು ಮಾತ್ರ ಬಿಡಲೇ ಇಲ್ಲ. ಮಾತ್ರೆ ಮುಗಿಯುವಷ್ಟರಲ್ಲಿ ಮತ್ತೆ ಜ್ವರ, ಮತ್ತೆ ಹಸಿರು ಕಫ.

"ಹೀಗೇ ಆದರೆ ಶ್ವಾಸಕೋಶ ತಡೆಯುವುದಿಲ್ಲ. ಮನೆಯಲ್ಲಿ ಹೇಗೆ ತೊಳೀತಾರೆ, ನೀವೇ ನಿಂತು ನೋಡಿ" ಎಂದರು ಡಾಕ್ಟರು.

ಮೂಗು ಮುಚ್ಚಿಕೊಂಡಾದರೂ ನೋಡಲೇಬೇಕೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಚಿಕ್ಕಮ್ಮ ಕೈಗೆ ಸೋಪು ಹಚ್ಚಿದರು, ನಳಿಕೆಯೊಳಗೆ ಬ್ರಷ್ ಆಡಿಸಿದರು, ಅದಕ್ಕೆಂದೇ ಇಟ್ಟ ಪಾತ್ರೆಯಲ್ಲಿ ಕೊತಕೊತ ಕುದಿಸಿದರು. ಹೆಸರಿಡುವಂತಿರಲಿಲ್ಲ. ಬಿಸಿ ಆರಿದ ಮೇಲೆ, ಬಾಯಲ್ಲಿದ್ದ ಎಲೆಅಡಿಕೆಯನ್ನು ಕೆನ್ನೆಯ ಒಂದು ಬದಿಗೆ ದೂಡಿ, ನಳಿಕೆಯನ್ನು ತುಟಿಗಿಟ್ಟು ಫೂ ಎಂದು ಊದಿದರು, ಒಲೆಯ ಊದುಕೊಳವೆ ಊದಿದ ಹಾಗೆ. ಆಚೆ ತುದಿಯಿಂದ ನೀರು ಹಾರಿತು. ಅದರಲ್ಲಿ ಕೆಂಪೂ ಇತ್ತು.

"ಥೂ! ಎಂತ ಮಾಡ್ತಿದ್ದೀರಿ ಚಿಕ್ಕಮ್ಮ? ಎಂಜಲಲ್ವಾ ಅದು!"

"ನೀರು ನಿಲ್ಲಬಾರದಲ್ಲ, ಅದಕ್ಕೆ ದಿನಾ ಊದುದು. ಎಂಜಲಾದ್ರೆ ನನ್ನ ಅಕ್ಕಂದು ಮಾರಾಯ್ತಿ, ನನಗೆಂತ ಹೇಸಿಗೆ?"

ಲೋಟವನ್ನು ಎತ್ತಿ ಕುಡಿಯದೆ ಬಾಯಿಗೆ ತಾಗಿಸಿದರೆ ಬೈಯುವ ಹೆಂಗಸು ಇವರು. ಮೀನು ಸಾರಿಗೆ ಯಾರದಾದರೂ ಎಂಜಲು ಕೈ ತಾಗಿದರೆ ಮತ್ತೆ ಮುಟ್ಟುವುದಿಲ್ಲ. ಅಕ್ಕನ ಎಂಜಲನ್ನು ತಾನು ಸಹಿಸುತ್ತಿದ್ದೇನೆಂದೇ ಅವರು ತಿಳಿದಿದ್ದರು. ತನ್ನ ಎಂಜಲು ಅಕ್ಕನ ಎದೆಗೆ ಇಳಿಯುತ್ತದೆಂದು ಹೊಳೆದೇ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ನಿಮ್ಮ ಬಾಯಿಯ ಕೊಳಕು ನೇರ ಅಮ್ಮನ ಎದೆಗೆ ಹೋಗ್ತದೆ. ಜ್ವರ ಬರುದು ಅದಕ್ಕೇ!"

ಚಿಕ್ಕಮ್ಮನ ಮುಖ ಕಪ್ಪಿಟ್ಟಿತು. ಅಂಗಳಕ್ಕೆ ಹೋಗಿ ಉಗುಳಿ, ಮತ್ತೆ ಮತ್ತೆ ಬಾಯಿ ಮುಕ್ಕಳಿಸಿ ಬಂದು, ನಳಿಕೆಯನ್ನು ಇನ್ನೊಮ್ಮೆ ಕುದಿಸಿದರು. ಆರಿದ ಮೇಲೆ ಪಾತ್ರೆಯನ್ನು ನನ್ನತ್ತ ಚಾಚಿದರು.

"ನನ್ನ ಕೈ ಇನ್ನು ಬೇಡ. ನೀನೇ ಹಾಕು."

ಬೇರೆ ದಾರಿಯಿರಲಿಲ್ಲ. ಕೈ ತೊಳೆದು, ನಳಿಕೆ ಹಿಡಿದು, ಒಳಕೋಣೆಯಲ್ಲಿ ಮಲಗಿದ್ದ ಅಮ್ಮನ ಮೇಲೆ ಬಾಗಿದೆ. ಅಷ್ಟರಲ್ಲಿ ಅವಳಿಗೆ ಕೆಮ್ಮು ಬಂತು. ತೂತಿನಿಂದ ಹಾರಿದ ಬೆಚ್ಚನೆಯ ಕಫ ನನ್ನ ಮಣಿಕಟ್ಟಿಗೆ ಬಿತ್ತು. ನಾನು ಕೈ ಕೊಡವಿದೆ. ನಳಿಕೆ ನೆಲಕ್ಕೆ ಬಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನನ್ನ ಓಕರಿಕೆಯ ಸದ್ದು ನಿಲ್ಲಲಿಲ್ಲ.

ಅಮ್ಮ ತೂತಿಗೆ ಬೆರಳು ಒತ್ತಿಕೊಂಡಳು. ಹಾಗೆ ಒತ್ತಿದರೆ ಮಾತ್ರ ಅವಳಿಗೆ ನಾಲ್ಕು ಮಾತು ಹೊರಡುತ್ತಿತ್ತು.

"ಅವಳನ್ನೇ ಕರಿ" ಎಂದಳು. "ನಿನಗೆ ನನ್ನನ್ನು ಕಂಡ್ರೆ ಹೇಸಿಗೆ ಉಂಟು. ನನಗೆ ಗೊತ್ತುಂಟು."