ಮಗ್ಗಕ್ಕೆ ಕಟ್ಟಿದ್ದ ಉಲ್ಕಾಶಿಲೆ

ಆಕಾಶದಿಂದ ಬೀಳುವಾಗ ಕಾಣುವ ಬೆಳಕಿನ ಗೆರೆಗೆ ಉಲ್ಕೆ ಎನ್ನುತ್ತಾರೆ. ಪೂರ್ತಿ ಉರಿದುಹೋಗದೆ ನೆಲ ಮುಟ್ಟಿ ಉಳಿದ ಕಲ್ಲಿಗೆ ಉಲ್ಕಾಶಿಲೆ ಎನ್ನುತ್ತಾರೆ. ಈ ವ್ಯತ್ಯಾಸವನ್ನು ನಾನು ಬಾಗಲಕೋಟೆಯ ಕಾಲೇಜಿನಲ್ಲಿ ಭೂವಿಜ್ಞಾನ ಓದುವಾಗ ಕಲಿತೆ. ಕಲಿತ ದಿನದಿಂದ, ಯಾರಾದರೂ ಒಂದರ ಬದಲು ಇನ್ನೊಂದನ್ನು ಹೇಳಿದರೆ ತಿದ್ದುತ್ತಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ನಾನು ತಪ್ಪು ಹೇಳಿದರೆ ಅದು ನನ್ನೊಬ್ಬಳ ತಪ್ಪಾಗಿ ಉಳಿಯುವುದಿಲ್ಲ, ನನ್ನನ್ನು ಓದಿಸಿದವರದೂ ಆಗುತ್ತದೆ ಎಂಬ ಅಳುಕು ನನಗೆ ಆಗಲೂ ಇತ್ತು, ಈಗಲೂ ಇದೆ.

ಓದು ಮುಗಿದ ಮೇಲೆ ಅದೇ ವಿಭಾಗದ ಚಿಕ್ಕ ವಸ್ತುಸಂಗ್ರಹಾಲಯದಲ್ಲಿ ಕಲ್ಲುಗಳ ಪಟ್ಟಿ ಮಾಡುವ ಕೆಲಸ ಸಿಕ್ಕಿತು. ಎರಡು ಕೋಣೆಗಳು, ಗಾಜಿನ ಕಪಾಟುಗಳು. ಬಾದಾಮಿಯ ಮರಳುಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟು, ಬಾಗಲಕೋಟೆಯ ಸುಣ್ಣದಕಲ್ಲು, ಹೀಗೆ ಸುತ್ತಲಿನ ನೆಲದಲ್ಲಿ ಸಿಕ್ಕುವುದೆಲ್ಲ ಅಲ್ಲಿತ್ತು. ಉಲ್ಕಾಶಿಲೆ ಮಾತ್ರ ಒಂದೂ ಇರಲಿಲ್ಲ.

ಬಿಡುವಿನಲ್ಲಿ ನಾನು ಬೇರೆ ದೇಶಗಳ ಸಂಗ್ರಹಾಲಯಗಳ ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ತೆರೆದು ಓದುತ್ತಿದ್ದೆ. ಗ್ರೀನ್‌ಲ್ಯಾಂಡಿನ ಜನ ಆಕಾಶದಿಂದ ಬಿದ್ದ ಕಬ್ಬಿಣದಿಂದ ಚೂರುಗಳನ್ನು ಕೆತ್ತಿ ಚಾಕು ಮಾಡಿಕೊಂಡಿದ್ದರು. ಆ ಕಬ್ಬಿಣದ ದೊಡ್ಡ ಗಟ್ಟಿಗಳು ಈಗ ದೂರದ ನಗರದ ಸಂಗ್ರಹಾಲಯದಲ್ಲಿವೆ. ನಮೀಬಿಯಾದ ಹೊಲವೊಂದರಲ್ಲಿ ಬಿದ್ದದ್ದನ್ನು ಎತ್ತಲು ಆಗದೆ ಅಲ್ಲೇ ಬಿಟ್ಟಿದ್ದಾರೆ, ನೋಡುವವರೇ ಅದರ ಬಳಿಗೆ ಹೋಗಬೇಕು. ಅಂಟಾರ್ಕ್ಟಿಕಾದಲ್ಲಿ ಹಿಮದ ಮೇಲೆ ಕಪ್ಪು ಚುಕ್ಕೆ ಕಂಡರೆ ಬರಿಗೈ ತಾಗಿಸದೆ ಚೀಲಕ್ಕೆ ಹಾಕುತ್ತಾರೆ. ಪ್ರತಿ ಉಲ್ಕಾಶಿಲೆಗೂ ಅದು ಸಿಕ್ಕಿದ ಜಾಗದ ಹೆಸರನ್ನೇ ಇಡುವುದು ರೂಢಿ. ನಾನು ಹುಡುಕಿದ ಮಟ್ಟಿಗೆ ಆ ಪಟ್ಟಿಗಳಲ್ಲಿ ನಮ್ಮ ಕಡೆಯ ಊರು ಯಾವುದೂ ಕಾಣಲಿಲ್ಲ.

ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಣಿಮಗ್ಗವಿದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ಅಪ್ಪ ಸೀರೆ ನೇಯುತ್ತಾರೆ. ಉದ್ದಕ್ಕೆ ಹಾಸಿದ ನೂಲಿಗೆ ಹಾಸು ಎನ್ನುತ್ತಾರೆ. ಹಾಸು ಸಡಿಲಾಗದಂತೆ ಅದರ ಹಗ್ಗದ ತುದಿಗೆ ಒಂದು ಕಲ್ಲನ್ನು ತೂಗಬಿಟ್ಟಿರುತ್ತಾರೆ. ನಮ್ಮ ಮನೆಯ ಕಲ್ಲು ದೊಡ್ಡ ತೆಂಗಿನಕಾಯಿಯಷ್ಟಿತ್ತು, ಕಪ್ಪಗಿತ್ತು, ಗಾತ್ರಕ್ಕೆ ಹೊಂದದಷ್ಟು ಭಾರವಿತ್ತು. ಹುಟ್ಟಿದಾಗಿನಿಂದ ಅದನ್ನು ನೋಡಿದ್ದರೂ ನಾನು ಅದನ್ನು ಗಮನಿಸಿದ್ದು ಒಂದು ಅಮಾವಾಸ್ಯೆಯ ದಿನ. ಅಂದು ಮಗ್ಗ ನಡೆಸುವುದಿಲ್ಲ. ಅಪ್ಪ ಕಲ್ಲಿಗೆ ಎಣ್ಣೆ ಸವರಿ ವಿಭೂತಿ ಹಚ್ಚುತ್ತಿದ್ದರು. ಎಣ್ಣೆ ಬಿದ್ದ ಜಾಗ ಕರಿ ಗಾಜಿನಂತೆ ಹೊಳೆಯಿತು. ಮೈಮೇಲೆಲ್ಲ ಹೆಬ್ಬೆರಳು ಒತ್ತಿದಂಥ ತಗ್ಗುಗಳಿದ್ದವು. ವಾಯುಮಂಡಲದಲ್ಲಿ ಉರಿದ ಕಲ್ಲಿಗೆ ಕಪ್ಪು ಕವಚ ಕಟ್ಟುತ್ತದೆ, ಮೈಮೇಲೆ ಹೆಬ್ಬೆರಳಿನ ಗುರುತಿನಂಥ ತಗ್ಗುಗಳು ಬೀಳುತ್ತವೆ ಎಂದು ನಾನು ಓದಿದ್ದೆ.

“ಅಪ್ಪಾ, ಈ ಕಲ್ಲು ಎಲ್ಲಿಂದ ಬಂತು?”

“ನಿಮ್ಮ ಅಜ್ಜ ಗುಡೂರು ಹೊಲದಾಗಿಂದ ತಂದದ್ದು. ನೋಡಾಕ ಸಣ್ಣದು, ವಜ್ಜಾ ಭಾಳ. ಅದಕ್ಕ ಮನಸಿಗೆ ಬಂತು ಅವಂಗ.”

“ಇದು ಮ್ಯಾಲಿಂದ ಬಿದ್ದದ್ದಿರಬೇಕು.”

“ಯಾರ ಮಾಳಗಿ ಮ್ಯಾಲಿಂದ?”

“ಮಾಳಗಿ ಅಲ್ಲಪ್ಪಾ. ಆಕಾಶದಿಂದ.”

ಮೂಲೆಯಲ್ಲಿ ರಾಟೆಯ ಮುಂದೆ ನೂಲು ಸುತ್ತುತ್ತಿದ್ದ ಅವ್ವ ನಕ್ಕಳು. “ಆಕಾಶದಾಗ ಇಂಥಾ ಕಲ್ಲು ತುಂಬ್ಯಾವಂದ್ರ ನಮ್ಮ ತಲಿ ಇನ್ನೂ ಹೆಂಗ ಉಳದಾವ?”

ಆ ದಿನವೇ ಮನೆಯಲ್ಲಿ ಆಗಬಹುದಾದ ಪರೀಕ್ಷೆಗಳನ್ನು ಮಾಡಿದೆ. ಹಳೆಯ ರೇಡಿಯೊದಿಂದ ಬಿಚ್ಚಿದ ಅಯಸ್ಕಾಂತ ಕಲ್ಲಿಗೆ ಕಚ್ಚಿಕೊಂಡಿತು. ಟೈಲ್ಸಿನ ಹಿಂಬದಿಯ ಒರಟು ಮೈಗೆ ಕಲ್ಲನ್ನು ಉಜ್ಜಿದೆ. ನೆಲದ ಕಬ್ಬಿಣದ ಕಲ್ಲಾದರೆ ಕೆಂಪು ಇಲ್ಲವೇ ಕಪ್ಪು ಗೆರೆ ಮೂಡಬೇಕಿತ್ತು, ಗೆರೆ ಮೂಡಲಿಲ್ಲ. ನಿಯಮದ ಪ್ರಕಾರ ಒಂದು ಚೂರು ಒಡೆದು, ಒಳಗಿನ ಹೊಸ ಮೈಯನ್ನು ಉಜ್ಜಿ ನೋಡಬೇಕು. ಅದು ನನಗೆ ಗೊತ್ತಿತ್ತು. ಆದರೆ ವಿಭೂತಿ ಹಚ್ಚಿದ ಕಲ್ಲಿಗೆ ನಮ್ಮ ಮನೆಯಲ್ಲಿ ಯಾರೂ ಸುತ್ತಿಗೆ ತಾಗಿಸುವುದಿಲ್ಲ. ನಾನೂ ತಾಗಿಸಲಿಲ್ಲ. ವಿಭಾಗಕ್ಕೆ ಹಿಂತಿರುಗಿ ಎರಡು ಪುಟದ ಟಿಪ್ಪಣಿ ಬರೆದು, ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ನಮ್ಮ ಪ್ರಾಧ್ಯಾಪಕರಿಗೆ ಕೊಟ್ಟೆ. ಅದರಲ್ಲಿ “ಸಾಧ್ಯತೆ ಇದೆ” ಎಂದು ನಾಲ್ಕು ಕಡೆ ಬರೆದಿದ್ದೆ.

ಅವರು ಓದಿ, ತಮಗೆ ಪರಿಚಯದ ಒಬ್ಬ ತಜ್ಞರು ಗುರುವಾರ ಬಾಗಲಕೋಟೆಗೆ ಬರುತ್ತಾರೆ, ಒಂದೇ ದಿನ ಇರುತ್ತಾರೆ, ಅಷ್ಟರೊಳಗೆ ಕಲ್ಲು ತರಬೇಕು ಎಂದರು. ಆ ತಜ್ಞರು ಧಾರವಾಡದ ಕಡೆಯವರು. ದೊಡ್ಡ ಉಲ್ಕಾಶಿಲೆಗಳ ಸಂಗ್ರಹವೊಂದರಲ್ಲಿ ಬಹುಕಾಲ ಕೆಲಸ ಮಾಡಿದವರು.

ಸೋಮವಾರ ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಮಗ್ಗದ ಮೇಲಿನ ಹಾಸು ಅರ್ಧ ನೇಯ್ದಾಗಿತ್ತು. ಒಂದು ಹಾಸು ಏರಿಸಿದ ಮೇಲೆ ಅದು ಮುಗಿಯುವವರೆಗೆ ಕಲ್ಲು ಬದಲಿಸುವುದಿಲ್ಲ. ಭಾರ ಬದಲಾದರೆ ನೂಲಿನ ಬಿಗಿ ಬದಲಾಗುತ್ತದೆ, ಬಿಗಿ ಬದಲಾದ ಕಡೆ ಬಟ್ಟೆಯ ಮೇಲೆ ಅಡ್ಡಗೆರೆ ಬೀಳುತ್ತದೆ. ಅದನ್ನು ಬಿಚ್ಚಿ ಸರಿಮಾಡಲು ಬರುವುದಿಲ್ಲ. ನಮ್ಮ ಅಪ್ಪನ ಸೀರೆಯಲ್ಲಿ ಅಂಥ ಗೆರೆಯನ್ನು ನಾನು ಎಂದೂ ಕಂಡಿರಲಿಲ್ಲ.

“ಹಾಸು ಮುಗೀಲಿ, ಒಯ್ಯಿ. ಇನ್ನ ಹನ್ನೆರಡ ದಿನ,” ಎಂದರು ಅಪ್ಪ.

“ಅವರು ಗುರುವಾರ ಅಷ್ಟ ಇರ್ತಾರಪ್ಪಾ.”

“ಕಲ್ಲು ಓಡಿ ಹೋಗತೈತೇನು?”

“ಅವರು ಹೋಗ್ತಾರಲ್ಲ.”

ಅಪ್ಪ ಅಡ್ಡನೂಲು ಹಾಯಿಸುವ ಲಾಳಿಯನ್ನು ಬದಿಗಿಟ್ಟು ನನ್ನನ್ನು ನೋಡಿದರು. “ಕೊಯ್ತಾರೇನು ಅದನ್ನ?”

“ಒಂದು ಚೂರು. ಕೊಯ್ದರಷ್ಟ ಗೊತ್ತಾಗೋದು.”

“ನೀ ಓದಿದಾಕಿ. ನೀ ಹೇಳು. ಇದು ಖರೇನ ಆಕಾಶದ್ದೇನು?”

ಟಿಪ್ಪಣಿಯಲ್ಲಿ ನಾಲ್ಕು ಕಡೆ ಬರೆದ ಮಾತು ಆಗ ನನ್ನ ಬಾಯಿಗೆ ಬರಲಿಲ್ಲ. “ಹೂಂ. ಖರೆ,” ಎಂದೆ.

ಅಪ್ಪ ಕುಣಿಯಿಂದ ಎದ್ದು ಬಂದು, ಹಗ್ಗದ ಗಂಟು ಬಿಚ್ಚಿ ಕಲ್ಲನ್ನು ಇಳಿಸಿದರು. ಹಿತ್ತಲಿನಿಂದ ಗ್ರಾನೈಟಿನ ತುಂಡೊಂದನ್ನು ತಂದು ಕಟ್ಟಿದರು. ಹಾಸನ್ನು ಬೆರಳಿನಿಂದ ಮೀಟಿ ನೋಡಿದರು. ತುಂಡಿಗೆ ಒಂದು ಸಣ್ಣ ಕಲ್ಲನ್ನು ಸೇರಿಸಿ ಮತ್ತೆ ಮೀಟಿದರು. “ಸಮ ಆಗಂಗಿಲ್ಲ. ಆದಷ್ಟು ಆಗಲಿ,” ಎಂದು ಕುಣಿಗೆ ಇಳಿದರು.

ಗುರುವಾರ ತಜ್ಞರು ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಕಿಟಕಿಯ ಬೆಳಕಿನಲ್ಲಿ ಬಹಳ ಹೊತ್ತು ತಿರುಗಿಸಿ ನೋಡಿದರು.

“ತಂಗಿ, ಇದನ್ನ ಎಂದಾದ್ರೂ ತೊಳದೀರೇನು?”

“ಇಲ್ಲ ಸರ್. ಉಲ್ಕಾಶಿಲೆಯನ್ನು ನೀರಿನಿಂದ ತೊಳೆಯಬಾರದೆಂದು ಓದಿದ್ದೇನೆ.”

“ಛಲೋ ಓದೀರಿ. ಆದ್ರ ಇವತ್ತ ತೊಳೆಯೂಣು.”

ಬಿಸಿನೀರು, ಸೋಪಿನ ಪುಡಿ, ಬ್ರಷ್ ತರಿಸಿದರು. ಮೂರನೆಯ ಸಲ ಉಜ್ಜಿದಾಗ ನೀರು ಅಂಬಲಿಯಂತೆ ಮಂದವಾಯಿತು. ನಾಲ್ಕನೆಯ ಸಲಕ್ಕೆ ಕಪ್ಪು ಹೊಳಪು ಸಿಪ್ಪೆಯಾಗಿ ಏಳತೊಡಗಿತು. ಅವರು ಒಂದು ಸಿಪ್ಪೆಯನ್ನು ಬೆರಳಿನಲ್ಲಿ ತಿಕ್ಕಿ ಮೂಸಿ ನೋಡಿ, “ಇದೇನಿದು ವಾಸನಿ?” ಎಂದರು.

ನನಗೆ ಮೂಸುವ ಅಗತ್ಯವಿರಲಿಲ್ಲ. ನಮ್ಮ ಮನೆಯಲ್ಲಿ ಹಾಸಿನ ನೂಲಿಗೆ ಹಚ್ಚುವ ಗಂಜಿಯ ವಾಸನೆ ಅದು. ಗಂಜಿ ಮೆತ್ತಿದ ಕೈಯಿಂದಲೇ ಅಜ್ಜ, ಅಪ್ಪ ಆ ಕಲ್ಲನ್ನು ಕಟ್ಟುತ್ತಿದ್ದರು, ಬಿಚ್ಚುತ್ತಿದ್ದರು. ಅದರ ಮೇಲೆ ಅಮಾವಾಸ್ಯೆಗೊಮ್ಮೆ ಎಣ್ಣೆ, ಅದರ ಮೇಲೆ ಒಲೆಯ ಹೊಗೆ. ಆಕಾಶದ ಉರಿಯಲ್ಲಿ ಕಟ್ಟಿದ್ದೆಂದು ನಾನು ಬರೆದ ಕವಚ ನಮ್ಮ ಪಡಸಾಲೆಯಲ್ಲಿ ಎರಡು ತಲೆಮಾರಿನ ಕೈಯಲ್ಲಿ ಕಟ್ಟಿದ್ದಾಗಿತ್ತು. ಟೈಲ್ಸಿನ ಮೇಲೆ ನಾನು ಉಜ್ಜಿದ್ದು ಕಲ್ಲನ್ನಲ್ಲ, ಈ ಕವಚವನ್ನು. ಹೆಬ್ಬೆರಳಿನ ಗುರುತಿನಂಥ ತಗ್ಗುಗಳು ಹಗ್ಗ ಉಜ್ಜಿ ಸವೆದ ಜಾಗಗಳು.

ಕೊಯ್ಯುವ ಯಂತ್ರದಲ್ಲಿ ಒಂದು ಅಂಚನ್ನು ಕೊಯ್ದರು. ಉಲ್ಕಾಶಿಲೆಯಾಗಿದ್ದರೆ ಒಳಗೆ ಲೋಹದ ಚುಕ್ಕೆಗಳು ಮಿನುಗಬೇಕು. ಇದರಲ್ಲಿ ಕಪ್ಪು, ಕೆಂಪು, ಬೂದು ಬಣ್ಣದ ತೆಳುವಾದ ಪಟ್ಟಿಗಳು ಒಂದರ ಮೇಲೊಂದು ಕೂತಿದ್ದವು.

“ಕಬ್ಬಿಣದ ಕಲ್ಲು. ರಾಮಥಾಳದ ಕಡೆ ಗುಡ್ಡದಾಗ ಬೇಕಾದಷ್ಟು ಸಿಗತಾವ,” ಎಂದರು ತಜ್ಞರು. “ಮನಸಿಗೆ ಹಚ್ಚಿಕೋಬ್ಯಾಡ್ರಿ ತಂಗಿ. ಎಲ್ಲಾ ಸಂಗ್ರಹದಾಗೂ ಇಂಥಾವಕ್ಕ ಅಂತನ ಒಂದು ಖಾನೆ ಇರತೈತಿ. ಆಕಾಶದ್ದಂತ ಕುಲುಮಿ ಕಿಟ್ಟ ತರತಾರ, ಗಿರಣಿ ಗುಂಡು ತರತಾರ. ಗಂಜಿ ಕವಚ ಮಾತ್ರ ನಾ ಇದ ಮೊದಲ ನೋಡಿದ್ದು.”

ಕವಚ ಉಳಿದಿದ್ದ ಆ ಅಂಚಿನ ತುಂಡನ್ನು ತಮಗೆ ಕೊಡುವಿರಾ ಎಂದು ಕೇಳಿದರು. ಕೊಟ್ಟೆ. ನಮ್ಮ ಪ್ರಾಧ್ಯಾಪಕರು ನನ್ನ ಟಿಪ್ಪಣಿಯನ್ನು ಮಡಿಚಿ ನನಗೇ ಹಿಂತಿರುಗಿಸಿ, “ಚಹಾ ಕುಡೀರಿ, ಬರ್ರಿ,” ಎಂದರು. ಅವರು ಬೈದಿದ್ದರೆ ಉತ್ತರ ಕೊಡಲು ಏನಾದರೂ ಇರುತ್ತಿತ್ತು.

ಅಂದೇ ಮಧ್ಯಾಹ್ನ ಹುನಗುಂದದ ಮೇಲೆ ಹೋಗುವ ಬಸ್ಸು ಹತ್ತಿದೆ. ಕಾಲ ಬಳಿ ಇಟ್ಟಿದ್ದ ಚೀಲವನ್ನು ಕಂಡಕ್ಟರು ಸರಿಸಲು ಹೋಗಿ, ಆಗದೆ ನಿಂತರು.

“ಏನೈತ್ರಿ ಇದರಾಗ, ಇಷ್ಟ ವಜ್ಜಾ?”

“ಕಲ್ಲು.”

“ಬಾಗಲಕೋಟಿಯಿಂದ ಇಳಕಲ್ಲಿಗೆ ಕಲ್ಲ ಒಯ್ತೀರೇನು!” ಎಂದು ಅವರು ಹಿಂದಿನ ಸೀಟಿನವರಿಗೂ ಕೇಳುವಂತೆ ಹೇಳಿದರು. ಗ್ರಾನೈಟಿನ ಊರಿಗೆ ಕಲ್ಲು ಒಯ್ಯುವವಳನ್ನು ನೋಡಲು ಇಬ್ಬರು ಎದ್ದು ನಿಂತರು. ಅಮೀನಗಡ ದಾಟುವವರೆಗೆ ನಾನು ಅಪ್ಪನಿಗೆ ಹೇಳಬೇಕಾದ ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಹುನಗುಂದದ ಹೊತ್ತಿಗೆ ಅವು ತೀರ ಉದ್ದವಾಗಿದ್ದವು.

ಮನೆಗೆ ಬಂದಾಗ ಅಪ್ಪ ನೇಯುತ್ತಿದ್ದರು. ಚೀಲದಿಂದ ಕಲ್ಲು ತೆಗೆದು ಕುಣಿಯ ಅಂಚಿಗೆ ಇಟ್ಟೆ. ತೊಳೆದ ಮೇಲೆ ಅದು ಕಂದು ಬಣ್ಣವಾಗಿ, ಚಿಕ್ಕದಾಗಿ ಕಾಣುತ್ತಿತ್ತು.

“ಅಲ್ಲಪ್ಪಾ,” ಎಂದೆ. “ಆಕಾಶದ್ದಲ್ಲ. ನಾ ತಪ್ಪು ಹೇಳಿದ್ದೆ.”

ಅಪ್ಪ ಕೊಯ್ದ ಮೈಯನ್ನು ಬೆರಳಿನಿಂದ ಸವರಿ, ಕಲ್ಲನ್ನು ಎತ್ತಿ ತೂಗಿ ನೋಡಿದರು. “ಎಷ್ಟ ಕೊಯ್ದಾರ? ಪಾವ್ ಕಿಲೋ?”

“ಅಷ್ಟಾಗಬಹುದು. ಈಗ ಕಟ್ಟಿ ಬಿಡ್ರಿ ಅಪ್ಪಾ.”

“ಈಗ ಕಟ್ಟಿದ್ರ ಇನ್ನೊಂದು ಗೆರಿ ಬೀಳತೈತಿ. ಒಂದ ಸಾಕು.”

ನೇಯ್ದ ಬಟ್ಟೆಯನ್ನು ನೋಡಿದೆ. ಸೀರೆಯ ಒಡಲಿಗೆ ಅಡ್ಡವಾಗಿ, ಬೆರಳಗಲದ ಒಂದು ಪಟ್ಟಿ ಬೇರೆಯಾಗಿ ಕಾಣುತ್ತಿತ್ತು. ಗೊತ್ತಿಲ್ಲದವರಿಗೆ ಕಾಣದಿರಬಹುದು. ನಮ್ಮ ಓಣಿಯಲ್ಲಿ ಗೊತ್ತಿಲ್ಲದವರು ಯಾರೂ ಇಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ನೇಕಾರ ಕಾಕಾ ಬಂದರು. ಮೊದಲು ಬಟ್ಟೆ ನೋಡಿದರು, ಆಮೇಲೆ ನೆಲದ ಮೇಲಿದ್ದ ಕಲ್ಲು ನೋಡಿದರು.

“ಏನೋ, ನಿನ್ನ ಕಲ್ಲು ಚಂದ್ರಲೋಕದಿಂದ ಬಂದೈತಿ ಅಂತಿದ್ರಲ್ಲೋ?”

ಮಾಹಿತಿಯಲ್ಲಿ ತಪ್ಪಾಗಬಾರದೆಂದು ನಾನು ಕಬ್ಬಿಣದ ಅದಿರು, ಪದರಗಳು, ಕವಚ ಎಂದು ವಿವರಿಸಲು ಶುರುಮಾಡಿದೆ. ಕಾಕಾ ನನ್ನ ಮುಖ ನೋಡಿದರು, ಅಪ್ಪನ ಮುಖ ನೋಡಿದರು.

ಅಪ್ಪ ಲಾಳಿ ನಿಲ್ಲಿಸಲಿಲ್ಲ. “ಅಲ್ಲಂತ,” ಎಂದರು.

“ಯಾರು ಹೇಳಿದ್ರು?”

“ನಮ್ಮ ಹುಡುಗಿ ಹೇಳ್ಯಾಳ. ಓದ್ಯಾಳಲ್ಲ.”

ಕಲ್ಲು ಆಕಾಶದ್ದು ಎಂದು ನಾನು ಹೇಳಿದಾಗಲೂ ಅಪ್ಪ ಓಣಿಯಲ್ಲಿ ಇದೇ ಮಾತು ಹೇಳಿದ್ದರೆಂದು ಆಮೇಲೆ ಅವ್ವನಿಂದ ತಿಳಿಯಿತು. ನಾನು ವಿವರಣೆಯನ್ನು ಅಲ್ಲಿಗೇ ನಿಲ್ಲಿಸಿ, ಅವ್ವನ ಪಕ್ಕದಲ್ಲಿ ಕುಳಿತು ರಾಟೆಗೆ ನೂಲು ಕೊಟ್ಟೆ.